ಅಣ್ಣನ ತೇಪೆ, ತಮ್ಮನ ವಿಮಾನ

"ಅಮ್ಮಾ, ಹಲ್ಲುಮಾಮ ಯಾವಾಗ್ಲೂ ವಿಮಾನಕ್ಕೆ ಯಾಕೆ ಬೈತಾರೆ? ಅದೇನು ತಪ್ಪು ಮಾಡಿದೆ?"

ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದ ಐದು ವರ್ಷದ ಹುಡುಗಿ ಕೇಳಿದ ಈ ಪ್ರಶ್ನೆ ಮೂರನೇ ಮಹಡಿಗೆ ಸಲೀಸಾಗಿ ಹತ್ತಿಹೋಯಿತು. ಅಲ್ಲಿ ಗಾಜು ಹಾಕಿ ಮುಚ್ಚಿದ ಬಾಲ್ಕನಿಯಲ್ಲಿ, ಹಣೆಗೆ ಭೂತಗನ್ನಡಿ ಕಟ್ಟಿಕೊಂಡು, ಚಿಮುಟದ ತುದಿಯಲ್ಲಿ ಉದ್ದಿನ ಕಾಳಿನಷ್ಟು ದೊಡ್ಡ ಗಾಲಿಯೊಂದನ್ನು ಹಿಡಿದು ಕೂತಿದ್ದ ಹಲ್ಲಿನವರು ಬಾಯಿಗೆ ಬಂದಿದ್ದ ಇನ್ನೊಂದು ಬೈಗುಳವನ್ನು ಹಾಗೇ ನುಂಗಿಕೊಂಡರು.

"ವಿಮಾನಕ್ಕಲ್ಲ ಪುಟ್ಟಿ, ತಮಗೆ ತಾವೇ ಬೈಕೊಳ್ತಾರೆ," ಅಂದಳು ತಾಯಿ. "ಲೇಸು ಕಟ್ಟೋಕೆ ಬರದೇ ಇದ್ದಾಗ ನೀನು ಬೈಕೊಳ್ಳಲ್ವಾ?"

"ನಾನು ಲೇಸಿಗೇ ಬೈಯೋದು."

ಹಲ್ಲಿನವರಿಗೆ ನಗು ಬರಬೇಕಿತ್ತು, ಬರಲಿಲ್ಲ. ಬೈಗುಳ ನುಂಗಿದ ಬಿಗಿ ಕೈಗೆ ಇಳಿಯಿತು, ಚಿಮುಟದಿಂದ ಗಾಲಿ ಚಿಮ್ಮಿತು, ಎಲ್ಲೋ ಟಿಕ್ ಅಂದಿತು, ಮಾಯವಾಯಿತು. ಮುಂದಿನ ಮುಕ್ಕಾಲು ಗಂಟೆ ಅವರು ಮಂಡಿಯೂರಿ ನೆಲ ಸವರಿದರು. ಕಸಬರಿಕೆ ಹಿಡಿದು ಬಂದ ಹೆಂಡತಿಯನ್ನು ಬಾಗಿಲಲ್ಲೇ ತಡೆದರು.

"ಗುಡಿಸಬೇಡ, ಗುಡಿಸಬೇಡ! ಗಾಲಿ ಬಿದ್ದಿದೆ."

"ನಿಮ್ಮ ಗಾಲಿ ಬಿದ್ದಿದ್ದಕ್ಕೆ ಹೋದ ವಾರದಿಂದ ಈ ಬಾಲ್ಕನಿ ಗುಡಿಸಿಲ್ಲ ನಾನು," ಅಂದರು ಆಕೆ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ದೊಡ್ಡೋರು ಹೇಳಿದ್ರು. ವಿಮಾನ ಕಟ್ಟಿ ನೋಡು ಅಂತ ಯಾರೂ ಹೇಳ್ಲಿಲ್ಲ. ಯಾಕೆ ಗೊತ್ತಾ? ಕಟ್ಟಿದೋರು ಯಾರೂ ಹೇಳೋಕೆ ಉಳಿದಿರಲ್ಲ."

ಗಾಲಿ ಸಿಕ್ಕಿತು, ಅವರದೇ ಅಂಗಿಯ ಮಡಿಸಿದ ತೋಳಿನೊಳಗೆ.

ಬೀದಿಯವರೆಲ್ಲ ಅವರನ್ನು ಕರೆಯುವುದು ಹಲ್ಲಿನವರು ಅಂತಲೇ. ಹಾಗಂತ ಅವರು ಹಲ್ಲಿನ ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಯಿಂದ ಅಚ್ಚು ತೆಗೆದು ಕಳಿಸುತ್ತಾರೆ. ಇವರು ಅದಕ್ಕೆ ಪ್ಲಾಸ್ಟರು ಹುಯ್ದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತಾರೆ. ಔಷಧಿ ಅಂಗಡಿಯ ಹಿಂಭಾಗದಲ್ಲಿ ಕಿಟಕಿಯಿಲ್ಲದ ಒಂದು ಕೋಣೆ, ಅದರಲ್ಲಿ ಮೂವತ್ತು ವರ್ಷ. ಸುತ್ತಮುತ್ತ ಎಷ್ಟೋ ಜನ ನಗುವುದು ಇವರ ಕೈಕೆಲಸದಿಂದ. ಆ ನಗುವವರಲ್ಲಿ ಒಬ್ಬರಿಗೂ ಇವರ ಮುಖ ಗೊತ್ತಿಲ್ಲ. ಚೆನ್ನಾಗಿ ಕೂತ ಹಲ್ಲು ಡಾಕ್ಟರದ್ದು, ಚುಚ್ಚುವ ಹಲ್ಲು ಮಾತ್ರ ಇವರದ್ದು. ಚುಚ್ಚಿದಾಗಲೇ ಪೆಟ್ಟಿಗೆ ಚೀಟಿ ಸಮೇತ ವಾಪಸು ಬರುವುದು.

ಮನೆಗೆ ಬಂದು ಕೈ ತೊಳೆದು ಟೀ ಕುಡಿದರೆ ಬಾಲ್ಕನಿ. ಬಿಡಿಭಾಗ ಜೋಡಿಸಿ ಮಾಡುವ ಪುಟ್ಟ ಪ್ಲಾಸ್ಟಿಕ್ ವಿಮಾನಗಳು, ಹನ್ನೊಂದು ವರ್ಷದಲ್ಲಿ ಅಲ್ಲಿ ಇಪ್ಪತ್ತಮೂರು ಶುರುವಾಗಿದ್ದವು. ಮುಗಿದದ್ದು ಸೊನ್ನೆ. ಒಂದಕ್ಕೆ ಪೈಲಟ್ಟಿನ ಮುಂದಿನ ಗಾಜು ಅಂಟಿಸುವಾಗ ಅವಸರದಲ್ಲಿ ಗಟ್ಟಿ ಅಂಟು ಹಾಕಿ, ಅದರ ಆವಿಗೆ ಗಾಜೆಲ್ಲ ಮಂಜು ಕವಿದಂತೆ ಬೆಳ್ಳಗಾಯಿತು. ಇನ್ನೊಂದರ ರೆಕ್ಕೆಯ ಹಸಿ ಬಣ್ಣದ ಮೇಲೆ ಒಂದು ಕೂದಲು ಬಿದ್ದು ಅಲ್ಲೇ ಒಣಗಿ ಕೂತಿತು. ಕೂದಲು ಹೆಂಡತಿಯದೆಂದು ಇವರು, ನಿಮ್ಮದೇ ಉದುರುತ್ತಿರುವುದೆಂದು ಆಕೆ, ಎರಡು ದಿನ ಮಾತಿಲ್ಲ. ಮತ್ತೊಂದು ಎಲ್ಲ ಸರಿಯಾಗಿ ಇನ್ನೇನು ಮುಗಿಯಿತು ಅನ್ನುವಾಗ ಕಿಟಕಿಯ ಪರದೆ ಬೀಸಿ ಮೇಜಿನಿಂದ ಕೆಳಕ್ಕೆ ತಳ್ಳಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವುದಕ್ಕೆ ದೊಣ್ಣೆಯೇ ಬೇಕಿಲ್ಲ, ಪರದೆ ಸಾಕು.

ಆದರೆ ಇಪ್ಪತ್ತನಾಲ್ಕನೆಯದು ಬೇರೆ ಲೆಕ್ಕ. ಅದು ಹವ್ಯಾಸಕ್ಕೆ ಶುರುವಾದದ್ದಲ್ಲ. ಅದು ಅಣ್ಣನ ವಿಮಾನ.

ಅಣ್ಣ ಇವರಿಗಿಂತ ಹನ್ನೆರಡು ವರ್ಷ ದೊಡ್ಡವನು. ವಿಮಾನ ನಿಲ್ದಾಣದ ರಿಪೇರಿ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ತಗಡಿನ ಕೆಲಸ ಮಾಡಿದವನು. ವಿಮಾನದ ಮೈಮೇಲಿನ ಅಲ್ಯೂಮಿನಿಯಂ ತಗಡು ಬಿರುಕು ಬಿಟ್ಟರೆ, ನಜ್ಜಾದರೆ, ಅಷ್ಟು ಭಾಗ ಕತ್ತರಿಸಿ ಹೊಸ ತುಂಡು ಕೂರಿಸಿ, ಗುಂಡುತಲೆಯ ಮೊಳೆಯಂಥ ರಿವೆಟ್ಟು ಹೊಡೆಯುವುದು ಅವನ ಕೆಲಸ. ಅಪ್ಪ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಓದಿಸಿದವನೂ ಅವನೇ. ಹದಿನೆಂಟಕ್ಕೆ ತಮ್ಮನನ್ನೂ ಆ ಶೆಡ್ಡಿಗೆ ಸೇರಿಸಬೇಕೆಂದು ಕರೆದುಕೊಂಡು ಹೋದ. ಅಲ್ಲಿ ಸೇರುವವರಿಗೆ ಒಂದು ಪರೀಕ್ಷೆ: ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಹೇಳಿದ ಅಳತೆಗೆ ತರಬೇಕು. ತಮ್ಮ ಇಡೀ ಬೆಳಿಗ್ಗೆ ಉಜ್ಜಿದ. ಮೇಲ್ವಿಚಾರಕರು ತುಂಡನ್ನು ನೋಡದೆ ಅಣ್ಣನ ಕೈಗೆ ಕೊಟ್ಟು, "ನೀನೇ ಹೇಳಪ್ಪ" ಅಂದರು. ಅಣ್ಣ ಅದರ ಅಂಚಿನ ಮೇಲೆ ಒಂದು ಸಲ ಹೆಬ್ಬೆರಳು ಸವರಿದ. "ಇಲ್ಲ ಸಾರ್. ಇದು ನಡೆಯಲ್ಲ," ಅಂದ.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ದಾರಿಯಲ್ಲಿ ಬರುವಾಗ, "ಮೇಲೆ ಐವತ್ತು ಜನ ಕೂತಿರ್ತಾರೆ ಕಣೋ," ಅಂದಷ್ಟೇ. ಅವತ್ತಿನಿಂದ ಅಣ್ಣತಮ್ಮಂದಿರದು ಎಣ್ಣೆ ಸೀಗೆಕಾಯಿ ಸಂಬಂಧ. ಒಬ್ಬರನ್ನೊಬ್ಬರು ಬಿಟ್ಟಿರಲಾರರು, ಸೇರಿದರೆ ಉರಿ.

ಅಣ್ಣ ನಿವೃತ್ತನಾಗುವ ಮೊದಲು ಒಂದು ಹಳೆಯ ಸರಕು ವಿಮಾನದ ಪಕ್ಕೆಗೆ ಸಾಮಾನು ಹೊರುವ ಗಾಡಿ ಹಿಂದಕ್ಕೆ ಬಂದು ಗುದ್ದಿತ್ತು. ಎರಡು ರೆಕ್ಕೆಗೆ ಎರಡು ಪಂಖದ, ಬಾಲ ನೆಲಕ್ಕೆ ತಾಗಿಸಿ ಕೂರುವ ಜಾತಿಯ ವಿಮಾನ. ಎಲ್ಲರೂ ಅದನ್ನು ಗುಜರಿಗೆ ಹಾಕೋಣ ಅಂದಾಗ ಅಣ್ಣನೊಬ್ಬನೇ ಹಟ ಹಿಡಿದು, ಒಂಬತ್ತು ದಿನ ಅದರ ಹೊಟ್ಟೆಯಡಿ ಮಲಗಿ, ಕೂತು, ನಿಂತು, ತೇಪೆ ಹಾಕಿದ. ವಿಮಾನ ಇನ್ನೂ ಆರು ವರ್ಷ ಹಾರಿತು. ಆಮೇಲೆ ಗುಜರಿಗೇ ಹೋಯಿತು, ಕತ್ತರಿಸಿ ಕರಗಿಸಿದರು. ಮೂವತ್ತೊಂದು ವರ್ಷದಲ್ಲಿ ಅಣ್ಣ ಎದೆತಟ್ಟಿ ನನ್ನದು ಅಂದದ್ದು ಆ ತೇಪೆಯೊಂದನ್ನೇ.

ನಾಲ್ಕೂವರೆ ವರ್ಷದ ಹಿಂದೆ ಕಣ್ಣಿನ ಡಾಕ್ಟರು ಅಣ್ಣನಿಗೆ, ನೋಟದ ನಡುವಿನ ಕಪ್ಪು ಮಚ್ಚೆ ದೊಡ್ಡದಾಗುತ್ತ ಹೋಗುತ್ತದೆ, ಅದಕ್ಕೆ ಮದ್ದಿಲ್ಲ ಅಂದರು. ಆ ವಾರವೇ ಹಲ್ಲಿನವರು ಅದೇ ಜಾತಿಯ ವಿಮಾನದ ಪೆಟ್ಟಿಗೆ ತರಿಸಿದರು. ನಿಜವಾದದ್ದರ ಎಪ್ಪತ್ತೆರಡರಲ್ಲಿ ಒಂದು ಪಾಲಿನದು. ರೆಕ್ಕೆಯ ತುದಿಯಿಂದ ತುದಿಗೆ ಒಂದು ಮೊಳ ಅಂದುಕೊಳ್ಳಿ. ಅವರಿಗೆ ಬೇಕಿದ್ದದ್ದು ಒಂದೇ: ಕಣ್ಣು ಪೂರ್ತಿ ಹೋಗುವುದರೊಳಗೆ ಅಣ್ಣ ಅದನ್ನು ನೋಡಿ, ಆ ತೇಪೆ ತೋರಿಸಿ, "ಇದು ನನ್ನದು" ಅನ್ನಬೇಕು. ಹೆಂಡತಿಗೂ ಅವರು ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಆಕೆಗೆ ಗೊತ್ತಿತ್ತು ಅನ್ನುವುದು ಬೇರೆ ಮಾತು.

ಪೆಟ್ಟಿಗೆ ಬಿಚ್ಚಿದ ದಿನವೇ ತಕರಾರು ಶುರು. ವಿಮಾನದ ಹೊಟ್ಟೆ ಎಡ ಬಲ ಎರಡು ಹೋಳಾಗಿ ಬರುತ್ತದೆ. ಈ ಹೋಳುಗಳು ಒಂದನ್ನೊಂದು ಒಪ್ಪಲಿಲ್ಲ. ಬೆನ್ನ ಮೇಲೆ ಕೂಡಿಸಿದರೆ ಹೊಟ್ಟೆಯಡಿ ಬಾಯಿ ಬಿಡುವುದು, ಹೊಟ್ಟೆ ಕೂಡಿಸಿದರೆ ಬೆನ್ನು. ಸಂದಿಗೆ ಲಪ್ಪ ತುಂಬಿ ಉಪ್ಪುಕಾಗದದಲ್ಲಿ ಉಜ್ಜಿದರು. ಗೆರೆ ಕಾಣಿಸಿತು. ಮತ್ತೆ ತುಂಬಿದರು, ಮತ್ತೆ ಉಜ್ಜಿದರು. ಪ್ಲಾಸ್ಟಿಕ್ಕಿನ ಮೈಮೇಲೆ ಉಬ್ಬಾಗಿ ಮೂಡಿಸಿದ್ದ ಸಾಸಿವೆಯ ಪುಡಿಯಂಥ ರಿವೆಟ್ಟಿನ ಸಾಲುಗಳು ಆ ಉಜ್ಜಾಟದಲ್ಲಿ ಒಂದೊಂದಾಗಿ ಸವೆದುಹೋದವು. ಹೋಗಲಿ, ಅಂದುಕೊಂಡರು ಅವರು. ಎಪ್ಪತ್ತೆರಡು ಪಾಲು ಚಿಕ್ಕದು ಮಾಡಿದರೆ ರಿವೆಟ್ಟೆಲ್ಲಿ ಕಣ್ಣಿಗೆ ಕಾಣುತ್ತದೆ? ಮುಖ್ಯ ಬಣ್ಣ. ಬೆಳ್ಳಿ ಬಣ್ಣದ ಕೆಳಗೆ ಕೂದಲೆಳೆಯ ಗೀರಿದ್ದರೂ ಎದ್ದು ಕಾಣುತ್ತದೆ.

ಬಣ್ಣಕ್ಕೆ ಎರಡು ವರ್ಷ ಹೋಯಿತು. ಹಲ್ಲಿನ ಬಿಳುಪಿನಲ್ಲೇ ಹದಿನಾರು ಬಗೆ ಕಂಡ ಕಣ್ಣು ಅವರದು. ಅಂಥವರಿಗೆ ಒಂದೇ ಡಬ್ಬಿಯ ಬೆಳ್ಳಿ ಹೇಗೆ ಸಾಕಾದೀತು? ಹೊಸ ಅಲ್ಯೂಮಿನಿಯಂ ಒಂದು ಬಗೆ, ಬಿಸಿಲಿಗೆ ನಿಂತದ್ದು ಒಂದು ಬಗೆ, ಇಂಜಿನ್ನಿನ ಹೊಗೆ ತಾಗಿದ್ದು ಇನ್ನೊಂದು. ಅಣ್ಣನ ವಿಮಾನದ ಹಳೆಯ ಫೋಟೋ ಹಿಡಿದು ಹನ್ನೊಂದು ಸಲ ಬೆರೆಸಿದರು. ಬಣ್ಣ ಹೊಡೆದು ಒಣಗಲು ಬಿಟ್ಟಾಗಲೆಲ್ಲ ಒಂದು ಧೂಳಿನ ಕಣ, ಇಲ್ಲವೇ ಒಂದು ಬೆರಳಚ್ಚು. ಬೈಗುಳಗಳು ಎರಡನೇ ಮಹಡಿಗೆ ಇಳಿದದ್ದು ಆಗಲೇ. ಇತ್ತ ಅಣ್ಣನಿಗೆ ಮೊದಲು ಪತ್ರಿಕೆ ಓದುವುದು ನಿಂತಿತು, ಆಮೇಲೆ ಬಸ್ಸಿನ ನಂಬರು, ಆಮೇಲೆ ಎದುರಿಗೆ ಕೂತವರ ಮುಖ.

"ಮುಗೀತಾ?" ಅಂತ ಅಣ್ಣ ಫೋನಿನಲ್ಲಿ ಕೇಳುತ್ತಿದ್ದ.

"ಇನ್ನೊಂದು ಕೋಟು ಬಾಕಿ."

"ನಂಗೂ ಒಂದು ಕೋಟು ಬಾಕಿ. ಕಪ್ಪುದು."

ಕೊನೆಗೂ ಒಂದು ಭಾನುವಾರ ವಿಮಾನ ಮುಗಿಯಿತು. ಇಪ್ಪತ್ತನಾಲ್ಕರಲ್ಲಿ ಮೊದಲನೆಯದು. ಬಿಸಿಲಿಗೆ ಹಿಡಿದರೆ ಹಳೆಯ ಪಾತ್ರೆಯ ಹಾಗೆ ಮಂಕಾಗಿ ಹೊಳೆಯುತ್ತಿತ್ತು. ಎಡ ಪಕ್ಕೆಯಲ್ಲಿ ತೇಪೆಯ ಜಾಗದಲ್ಲಿ ಚೌಕಾಕಾರಕ್ಕೆ ಒಂದು ಛಾಯೆ ಹೊಸ ಬೆಳ್ಳಿ, ಫೋಟೋದಲ್ಲಿದ್ದ ಹಾಗೇ. ಕೆಳಮನೆಯ ತಾಯಿಯೂ ಮಗುವೂ ಬಂದು ನೋಡಿದರು. ಹುಡುಗಿ ಕೈ ಹಿಂದೆ ಕಟ್ಟಿಕೊಂಡೇ ಸುತ್ತು ಹಾಕಿ, "ಇವತ್ತು ಬೈಸ್ಕೊಂಡಿಲ್ಲ ಅದು," ಅಂದಳು. ದೊಡ್ಡ ಕೇಕಿನ ಡಬ್ಬಿಯಲ್ಲಿ ಸ್ಪಂಜು ಕತ್ತರಿಸಿ ಹಾಕಿ ವಿಮಾನ ಮಲಗಿಸಿಕೊಂಡು, ಎರಡು ಬಸ್ಸು ಬದಲಾಯಿಸಿ ಹಲ್ಲಿನವರು ಅಣ್ಣನ ಮನೆಗೆ ಹೋದರು.

ಅಣ್ಣ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ತಮ್ಮ ಡಬ್ಬಿ ಬಿಚ್ಚಿ ವಿಮಾನವನ್ನು ಬೆಳಕಿಗೆ ಹಿಡಿದರು. ಅಣ್ಣ ಕತ್ತು ಆ ಕಡೆ ಈ ಕಡೆ ವಾಲಿಸಿದ, ಕಣ್ಣಂಚಿನಲ್ಲಿ ಉಳಿದಿದ್ದ ನೋಟದಿಂದ ಹಿಡಿಯಲು ನೋಡಿದ.

"ಏನೋ ಬೆಳ್ಳಗಿದೆ," ಅಂದ. "ಇಲ್ಲಿ ಕೊಡು."

ಕೊಡಲು ಮನಸ್ಸಾಗಲಿಲ್ಲ, ಬಣ್ಣಕ್ಕೆ ಬೆರಳಚ್ಚು ಆಗುತ್ತದಲ್ಲ. ಆದರೂ ಕೊಟ್ಟರು. ಅಣ್ಣನ ದಪ್ಪ ಬೆರಳುಗಳು ಮೂತಿಯಿಂದ ಹೊರಟು ಬೆನ್ನ ಮೇಲೆ ಹಾದು ಬಾಲದವರೆಗೆ ಹೋದವು. ವಾಪಸು ಬಂದವು. ಪಕ್ಕೆ ಸವರಿದವು. ಇನ್ನೊಂದು ಸಲ ಸವರಿದವು.

"ಇದೇನೋ ಇದು? ಸೋಪು?"

"ಸೋಪಾ?"

"ಬಚ್ಚಲಲ್ಲಿ ಕರಗಿದ ಸೋಪಿನ ಹಾಗಿದೆ. ರಿವೆಟ್ಟೆಲ್ಲಿ? ನಾನು ಹೊಡೆದ ರಿವೆಟ್ಟೆಲ್ಲಿ? ಈ ವಿಮಾನಕ್ಕೆ ತಗಡನ್ನ ಅಂಟಲ್ಲಿ ಅಂಟಿಸಿದ್ವಿ ಅಂದ್ಕೊಂಡ್ಯಾ?"

"ಬಣ್ಣ ನೋಡು ಅಣ್ಣ, ಬಣ್ಣ..." ಅಂದವರೇ ನಾಲಗೆ ಕಚ್ಚಿಕೊಂಡರು.

ಅತ್ತಿಗೆ ಟೀ ತಂದಿಟ್ಟರು. ಯಾರೂ ಕುಡಿಯಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರು ಡಬ್ಬಿ ನೋಡಿ, "ಏನ್ ಸಾರ್, ಯಾರ ಹುಟ್ಟಿದಬ್ಬ?" ಅಂತ ತಮಾಷೆ ಮಾಡಿದ. ಹಲ್ಲಿನವರು ನೋಡಿದ ನೋಟಕ್ಕೆ ಟಿಕೆಟ್ಟು ಹರಿದು ಕೊಟ್ಟು ಮುಂದೆ ಹೋದ.

ತಪ್ಪು ಎಲ್ಲಿ ಎಂದು ಅವರಿಗೆ ದಾರಿಯಲ್ಲೇ ಹೊಳೆದಿತ್ತು, ಒಪ್ಪಿಕೊಳ್ಳಲು ಮೂರು ದಿನ ಹಿಡಿಯಿತು. ಕಣ್ಣು ಹೋಗುತ್ತಿರುವವನಿಗೆ ಅಂತಲೇ ಶುರುಮಾಡಿದ ವಿಮಾನವನ್ನು ಅವರು ನಾಲ್ಕು ವರ್ಷ ಕಣ್ಣಿಗೇ ಮಾಡುತ್ತಿದ್ದರು. ಬಣ್ಣಕ್ಕೋಸ್ಕರ ರಿವೆಟ್ಟು ಉಜ್ಜಿ ತೆಗೆದರು. ಈಗ ಬೇಕಾದದ್ದು ರಿವೆಟ್ಟು, ಬೇಡವಾದದ್ದು ಬಣ್ಣ.

ಮೊದಲು ಬಣ್ಣದ ಮೇಲೇ ಬಿಳಿ ಅಂಟಿನ ಚುಕ್ಕೆ ಇಟ್ಟು ನೋಡಿದರು. ಇಟ್ಟಾಗ ಗುಂಡಗೆ ಉಬ್ಬಿ ನಿಲ್ಲುವುದು, ಒಣಗಿದ ಮೇಲೆ ಇಂಗಿ ಚಪ್ಪಟೆ. ಮುನ್ನೂರು ಚುಕ್ಕೆ ಇಟ್ಟು ಬೆಳಿಗ್ಗೆ ಸವರಿದರೆ ಮತ್ತದೇ ಸೋಪು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಕೊನೆಗೆ ಉಪಾಯ ಸಿಕ್ಕಿದ್ದು ಕೆಲಸದ ಕೋಣೆಯಲ್ಲೇ. ಒಡೆದ ಹಲ್ಲುಸೆಟ್ಟಿಗೆ ಬೆಸುಗೆ ಹಾಕುವಾಗ ಸಣ್ಣ ಕುಂಚವನ್ನು ದ್ರವದಲ್ಲಿ ಅದ್ದಿ ಗುಲಾಬಿ ಪುಡಿಗೆ ಮುಟ್ಟಿಸಿದರೆ ಕುಂಚದ ತುದಿಯಲ್ಲಿ ಒಂದು ಮಣಿ ನಿಲ್ಲುತ್ತದೆ. ಅದನ್ನು ಬೇಕಾದಲ್ಲಿ ಇಟ್ಟರೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಇಂಗುವುದಿಲ್ಲ. ಮೂವತ್ತು ವರ್ಷ ದಿನಾ ಮಾಡಿದ ಕೆಲಸ. ಆದರೆ ಆ ದ್ರವ ಬಣ್ಣವನ್ನು ತಿನ್ನುತ್ತದೆ. ಮಣಿ ನಿಲ್ಲಬೇಕಾದರೆ ಬಣ್ಣ ಹೋಗಬೇಕು.

ಒಂದು ಮಧ್ಯಾಹ್ನ ಅವರು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಹನ್ನೊಂದು ಸಲ ಬೆರೆಸಿದ ಬೆಳ್ಳಿಯನ್ನು ಒರೆಸಿ ತೆಗೆದರು. ಅವತ್ತು ಒಂದು ಬೈಗುಳವೂ ಕೇಳಿಬರಲಿಲ್ಲ. ಕೆಳಮನೆಯ ತಾಯಿಗೆ ಅದೇ ಗಾಬರಿಯಾಗಿ, ಹಾರಿಬಿದ್ದಿದ್ದ ಬಟ್ಟೆ ಕೊಡುವ ನೆಪದಲ್ಲಿ ಮೇಲೆ ಬಂದು ಇಣುಕಿದಳು. ಕಸದ ಬುಟ್ಟಿ ತುಂಬ ಬೆಳ್ಳಿ ಮೆತ್ತಿದ ಹತ್ತಿ.

"ಅಯ್ಯೋ, ಯಾಕೆ?" ಅಂದಳು.

"ಸೋಪು ತೊಳೀತಿದೀನಿ," ಅಂದರು ಹಲ್ಲಿನವರು, ತಲೆಯೆತ್ತದೆ.

ಆಮೇಲೆ ಐದು ತಿಂಗಳು ರಿವೆಟ್ಟು. ಆ ಜಾತಿಯ ವಿಮಾನದ ನಕ್ಷೆ ನೋಡಿ ಸೀಸದ ಕಡ್ಡಿಯಲ್ಲಿ ಗೆರೆ ಎಳೆದು, ಗೆರೆಯ ಮೇಲೆ ಮಣಿ ಪಕ್ಕ ಮಣಿ. ದಿನಕ್ಕೆ ನಲವತ್ತು ಆದರೆ ದೊಡ್ಡದು. ಒಂದು ದಪ್ಪ ಆಯಿತೆಂದರೆ ಸೂಜಿಯಲ್ಲಿ ಕಿತ್ತು ಮತ್ತೆ. ಗುಲಾಬಿ ಚುಕ್ಕೆ ತುಂಬಿದ ವಿಮಾನ ನೋಡಿ ಹುಡುಗಿ, "ವಿಮಾನಕ್ಕೆ ಅಮ್ಮ ಆಗಿದೆ," ಅಂದಳು. ಹೋದ ವರ್ಷ ಅವಳ ಮೈಮೇಲೂ ಹೀಗೇ ಅಮ್ಮ ಎದ್ದಿತ್ತು.

ಆದರೆ ನಕ್ಷೆಯಲ್ಲಿ ಇದ್ದದ್ದು ಕಾರ್ಖಾನೆಯಿಂದ ಬಂದ ವಿಮಾನ. ಅಣ್ಣನ ತೇಪೆ ಯಾವ ನಕ್ಷೆಯಲ್ಲೂ ಇರಲಿಲ್ಲ. ಫೋಟೋ ಓರೆಯಲ್ಲಿ ತೆಗೆದದ್ದು, ಅಳತೆಗೆ ಆಗದು. ಕಣ್ಣಿಗೆ ತೋರಿಸುವಾಗ ಅಂದಾಜು ನಡೆದಿತ್ತು. ಬೆರಳಿಗೆ ಅಂದಾಜು ನಡೆಯುವುದಿಲ್ಲ. ಫೋನು ಮಾಡಿದರು.

"ಬಾಗಿಲ ಚೌಕಟ್ಟಿಂದ ಬಾಲದ ಕಡೆ ಐದು ಗೇಣು," ಅಂದ ಅಣ್ಣ. "ಅಲ್ಲಿಂದ ತೇಪೆ ಶುರು. ಸುತ್ತ ಎರಡೆರಡು ಸಾಲು ರಿವೆಟ್ಟು, ಒಂದರ ನಡುವೆ ಒಂದು ಬರೋ ಹಾಗೆ."

"ಗೇಣಲ್ಲ ಅಣ್ಣ, ಮಿಲಿಮೀಟರಲ್ಲಿ ಹೇಳು."

"ಮಿಲಿಮೀಟರು ರಿಪೇರಿ ಪುಸ್ತಕದಲ್ಲಿ ಬರೆದಿತ್ತು. ಪುಸ್ತಕ ವಿಮಾನದ ಜೊತೆ ಹೋಯ್ತು. ಕೈಗೆ ನೆನಪಿರೋದು ಗೇಣು. ಬೇಕಾದ್ರೆ ತಗೋ, ಬೇಡದಿದ್ರೆ ಬಿಡು."

ಹಲ್ಲಿನವರು ಮೇಜಿನ ಮೇಲೆ ತಮ್ಮದೇ ಕೈ ಬಿಡಿಸಿ ಸ್ಕೇಲು ಇಟ್ಟರು. ಐದರಿಂದ ಗುಣಿಸಿದರು, ಎಪ್ಪತ್ತೆರಡರಿಂದ ಭಾಗಿಸಿದರು. ತೇಪೆಯ ಸುತ್ತ ಎರಡೆರಡು ಸಾಲು, ಒಂದರ ನಡುವೆ ಒಂದು ಬರುವ ಹಾಗೆ, ಇನ್ನೂರ ಹದಿನಾಲ್ಕು ಮಣಿ. ಅವರ ಜೀವಮಾನದ ಅತಿ ಚೊಕ್ಕ ಕೆಲಸ ಅದು. ಮುಗಿದ ದಿನ ಕಣ್ಣು ಮುಚ್ಚಿ ಸವರಿದರು. ಒಂದು ಮಣಿಯೂ ಸಾಲು ತಪ್ಪಿರಲಿಲ್ಲ.

ಮತ್ತೆ ಕೇಕಿನ ಡಬ್ಬಿ, ಮತ್ತೆ ಎರಡು ಬಸ್ಸು. ಅಷ್ಟು ಹೊತ್ತಿಗೆ ಅಣ್ಣನಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ವಿಮಾನ ಕೈಗೆ ಬಂದದ್ದೇ ಅವನ ಬೆರಳುಗಳ ನಡಿಗೆ ಬದಲಾಯಿತು. ಮೂತಿಯ ಸಾಲು ಹಿಡಿದು ನಿಧಾನಕ್ಕೆ ಹಿಂದಕ್ಕೆ ಬಂದವು, ರೆಕ್ಕೆಯ ಬುಡದಲ್ಲಿ ತಡೆದವು, ಬಾಗಿಲು ಹುಡುಕಿದವು.

"ಆಹಾ," ಅಂದ. "ಇದು ವಿಮಾನ ಕಣೋ."

ಬಾಗಿಲ ಪಕ್ಕ ನಿಂತಿದ್ದ ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಬೆರಳು ಬಾಗಿಲಿಂದ ಬಾಲದ ಕಡೆ ಹೊರಟಿತು, ತೇಪೆಯ ಅಂಚಿಗೆ ತಾಗಿತು. ಎರಡು ಸಾಲೂ ಸವರಿತು. ಹಲ್ಲಿನವರು ಆ ಒಂದು ಮಾತಿಗೆ ಕಾದರು.

"ತೇಪೆ ಚೆನ್ನಾಗಿದೆ," ಅಂದ ಅಣ್ಣ. "ಆದ್ರೆ ಇದು ನಂದಲ್ಲ."

"ನಿಂದಲ್ದೆ ಇನ್ಯಾರದು?"

"ನಂದು ಇನ್ನೂ ಹಿಂದೆ. ಒಂದು ಸಾಲು, ಒಂದೂವರೆ ಸಾಲು ಹಿಂದೆ. ಒಳಗಡೆ ಬಳೆ ಥರ ಒಂದು ಪಟ್ಟಿ ಬರತ್ತೆ, ಅದರ ಆಚೆಗೆ ಶುರು ಮಾಡಿದ್ದೆ. ಇದು ಈಚೆಗೇ ಶುರುವಾಗಿದೆ. ಈಚೆಗೆ ಹಾಕಿದ್ರೆ ಹಾರಿದ ಮೂರನೇ ದಿನ ಬಿರುಕು ಬಿಡತ್ತೆ."

"ನೀನೇ ಹೇಳಿದ್ದಲ್ಲ, ಐದು ಗೇಣು ಅಂತ!"

"ಐದು ಗೇಣೇ. ಯಾರ ಗೇಣು? ನಿನ್ನ ಗೇಣಾ? ನಿಂದು ಹಲ್ಲಿನ ಸಂದಿ ಕೆರೆಯೋ ಕೈ. ನನ್ನ ಗೇಣು!"

"ಹಾಗಿದ್ರೆ ಕೈ ಕೊಡು, ಅಳ್ಕೊಳ್ತೀನಿ."

ಅಲ್ಲಿಗೆ ಮುಗಿದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅಣ್ಣ ಕೈ ಮುಂದೆ ಚಾಚಿದ್ದ ಕೂಡ. ಆದರೆ ಇನ್ನೂರ ಹದಿನಾಲ್ಕು ಮಣಿ, ಹನ್ನೊಂದು ಬಣ್ಣ, ನಾಲ್ಕೂವರೆ ವರ್ಷ, ಅದಕ್ಕೂ ಹಿಂದಿನ ಒಂದು ಕಬ್ಬಿಣದ ತುಂಡು, ಎಲ್ಲ ಸೇರಿ ಹಲ್ಲಿನವರ ಬಾಯಿಂದ ಜಾರಿತು:

"ಅಳೆದು ಮಾತ್ರ ಏನು ಬಂತು? ಕಣ್ಣಿನ ಜೊತೆ ನಿಂಗೆ ನೆನಪೂ ಹೋಗಿದೆ."

ಚಾಚಿದ್ದ ಕೈ ಹಿಂದಕ್ಕೆ ಹೋಯಿತು. ಅಣ್ಣ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತ, ಕಳ್ಳನಿಂದ ಏನನ್ನೋ ಬಚ್ಚಿಡುವವನ ಹಾಗೆ.

"ಪೆಟ್ಟಿಗೆ ತಗೊಂಡು ಹೋಗು," ಅಂದ. ಜೋರಾಗಿಯೇನೂ ಅಲ್ಲ. ಜೋರಾಗಿ ಅಂದಿದ್ದರೆ ತಮ್ಮನಿಗೆ ಉತ್ತರ ಕೊಡಲು ಬರುತ್ತಿತ್ತು.

ಅದಾಗಿ ಮೂರು ವಾರ. ಹಲ್ಲಿನವರು ಫೋನು ಮಾಡಿದರೆ ಅತ್ತಿಗೆ ತೆಗೆಯುತ್ತಾರೆ. "ಅವರು ಮಲಗಿದಾರಪ್ಪ," ಅನ್ನುತ್ತಾರೆ. ಹಿಂದೆ ರೇಡಿಯೋದ ಕಿವಿ ತಿರುಚುವ ಸದ್ದು ಕೇಳುತ್ತಿರುತ್ತದೆ. ಒಂದು ಸಲ ಮಾತ್ರ ಅತ್ತಿಗೆ ದನಿ ತಗ್ಗಿಸಿ, "ಬೈದಿದ್ರೆ ಮರೀತಿದ್ರು. ನೆನಪು ಹೋಗಿದೆ ಅಂದ್ಯಲ್ಲ, ಅದನ್ನ ಮರೀತಿಲ್ಲ. ಇಬ್ಬರೂ ತಲೆ ನೆರೆತ ಮಕ್ಕಳು ನೀವು," ಅಂದರು.

ಹೆಂಡತಿ ಲೆಕ್ಕ ಹಾಕಿ ನೋಡಿದರು. "ಒಂದೂವರೆ ಸಾಲು ಅಂದ್ರೆ ಈ ವಿಮಾನದಲ್ಲಿ ಎಷ್ಟು?"

"ಒಂದೂವರೆ ಮಿಲಿಮೀಟರು ಇರಬಹುದು."

"ಒಂದೂವರೆ ಮಿಲಿಮೀಟರಿಗೆ ಅಣ್ಣತಮ್ಮ ಮಾತು ಬಿಟ್ರಿ. ಹಿಂದಕ್ಕೆ ಸರಿಸಿ ಹಾಕಿ, ಮುಗೀತು."

"ಇರಬಹುದು ಅಂದೆ. ಎಷ್ಟು ಅಂತ ಗೊತ್ತಿಲ್ದೆ ಸರಿಸಿ, ಮತ್ತೆ ಅವನ ಕೈಗೆ ಕೊಟ್ಟು, ಮತ್ತೆ ನಂದಲ್ಲ ಅಂದ್ರೆ? ಆಗ ನಂಗೆ ಅವನ ಮುಂದೆ ಹೋಗೋಕೆ ಮುಖಾನೇ ಇರಲ್ಲ."

"ಈಗ ಇದೆಯಾ?"

 ಉಗುಳಲೂ ಆಗದು, ನುಂಗಲೂ ಆಗದು. ಇನ್ನೂರ ಹದಿನಾಲ್ಕು ಮಣಿಗಳನ್ನು ಸೂಜಿಯಲ್ಲಿ ಒಂದೊಂದಾಗಿ ಕೀಳುತ್ತ ಒಂದು ವಾರ ಕಳೆದರು. ಪಕ್ಕೆ ಬೋಳಾಯಿತು. ಅಲ್ಲಿಂದ ಮುಂದೆ ಕುಂಚ ಅದ್ದಿ ಮಣಿ ಎತ್ತುವುದು, ಎಲ್ಲಿಡಬೇಕು ಎಂದು ತಿಳಿಯದೆ ಅದು ಕುಂಚದ ತುದಿಯಲ್ಲೇ ಗಟ್ಟಿಯಾಗುವುದು, ಕುಂಚ ಹಾಳು. ನಾಲ್ಕು ಕುಂಚ ಹೋದವು.

ಈ ಶನಿವಾರ ಬೆಳಿಗ್ಗೆ ಕೆಳಮನೆಯ ತಾಯಿ ಮೆಟ್ಟಿಲ ತಿರುವಿನಲ್ಲಿ ಕೂತು ಮಗುವಿನ ಫ್ರಾಕಿನ ಅಂಚು ಬಿಚ್ಚಿ ಉದ್ದ ಮಾಡುತ್ತಿದ್ದಳು. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಹಲ್ಲಿನವರು ಕೆಲಸಕ್ಕೆ ಇಳಿಯುತ್ತಿದ್ದವರು ಎರಡು ಮೆಟ್ಟಿಲು ದಾಟಿ ನಿಂತರು. ಮುಂದೆ ಹೋದರು, ಮತ್ತೆ ವಾಪಸು ಹತ್ತಿದರು.

"ಏನು, ಏನಾದ್ರೂ ಮರೆತ್ರಾ?" ಅಂದಳು ಅವಳು.

"ನಾಳೆ ನಿಮಗೆ ಏನ್ ಕೆಲಸ ಇದೆಯಮ್ಮಾ?"

"ಬಟ್ಟೆ ಒಗೆಯೋದಿದೆ, ಇವಳ ತಲೆ ಸ್ನಾನ ಇದೆ. ಯಾಕೆ?"

"ನಮ್ಮಣ್ಣನ ಮನೆಗೆ ಒಂದ್ ಸಲ ಹೋಗಿ ಬರಬೇಕು ನೀವು. ಬಸ್ ನಂಬರು ಬರೆದು ಕೊಡ್ತೀನಿ. ನಾನು ಬರಲ್ಲ. ನಾನು ಬಂದ್ರೆ ಅವನು ಕೈ ಕೊಡಲ್ಲ." ಅವರು ಟೇಪಿನ ಕಡೆ ನೋಡಿದರು, ಗೋಡೆಯ ಕಡೆ ನೋಡಿದರು. "ಅವನ ಗೇಣು ಅಳ್ಕೊಂಡು ಬರಬೇಕು."

ಅವಳು ಸೂಜಿಯನ್ನು ಫ್ರಾಕಿಗೆ ಚುಚ್ಚಿಟ್ಟಳು. "ಏನಂತ ಹೇಳಿ ಅಳೀಲಿ? ಕೈಗವಸು ಹೆಣೀತೀನಿ ಅನ್ಲಾ?"

"ಬೇಡ, ಸುಳ್ಳು ಬೇಡ. ಅವನಿಗೆ ಸುಳ್ಳು ಕೈಗೆ ಸಿಕ್ಕಿಬಿಡತ್ತೆ. ನಾನೇ ಕಳಿಸಿದೀನಿ ಅನ್ನಿ. ತೇಪೆ ಕಿತ್ತುಹಾಕಿದೀನಿ, ಅವನ ಅಳತೆ ಬರೋವರೆಗೂ ಒಂದು ಮಣಿ ಇಡಲ್ಲ ಅಂತೆ, ಅನ್ನಿ." ಎರಡು ಮೆಟ್ಟಿಲು ಇಳಿದರು, ಮತ್ತೆ ತಿರುಗಿದರು. "ಬಲಗೈ. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿ. ಪೂರ್ತಿ ಬಿಡಿಸಿರಬೇಕು, ಸುಮ್ನೆ ಅರ್ಧ ಬಿಡಿಸಿ ಇಟ್ಟಾನು. ಪುಟ್ಟೀನೂ ಕರ್ಕೊಂಡು ಹೋಗಿ, ಮಗು ಮುಂದೆ ಕೈ ಹಿಂದಕ್ಕೆ ಎಳ್ಕೊಳ್ಳಲ್ಲ ಅವನು. ನನ್ನನ್ನ ಬೈತಾನೆ, ಬೈಲಿ, ಅಷ್ಟೂ ಕೇಳಿಸ್ಕೊಳ್ಳಿ. ಆದ್ರೆ ಅಳತೆ ಬಿಟ್ಟು ಬರಬೇಡಿ, ತಾಯಿ."